ಕೊಪ್ಪಳದಲ್ಲಿ ಆಲೂಗಡ್ಡೆ: ಯಾವ ತಳಿ, ಯಾವ ಮಳೆಗೆ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಕೊಪ್ಪಳದ ಹೊರವಲಯದಲ್ಲಿ ನಾವು ಆರು ಜನ ಸ್ನೇಹಿತರು ಆರು ಗುಂಟೆ ಮಸಾರಿ ಜಮೀನನ್ನು ಲಾವಣಿಗೆ ಹಿಡಿದು, ತಲಾ ಒಂದು ಗುಂಟೆ ಹಂಚಿಕೊಂಡು ಕಾಯಿಪಲ್ಲೆ ಬೆಳೆದುಕೊಳ್ಳುತ್ತಿದ್ದೇವೆ. ಬೋರ್‌ವೆಲ್ ನೀರಿದೆ. ಇಂಗ್ಲೆಂಡಿನಲ್ಲಿರುವ ಮಗ, ಅಲ್ಲಿಯೂ ಊರವರಿಗೆ ಹೀಗೆ ತುಂಡು ಜಾಗ ಬಾಡಿಗೆಗೆ ಕೊಡುತ್ತಾರೆ, ಅದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ ಎಂದು ಹೇಳಿ, ಆಲೂಗಡ್ಡೆ ನೆಡುವ ಪಟ್ಟಿಯೊಂದನ್ನು ಕಳಿಸಿದ್ದ. ಬೇಗ ಬರುವ ತಳಿಯನ್ನು ಮಾರ್ಚ್ ಕೊನೆಗೆ, ನಡುವಿನದನ್ನು ಏಪ್ರಿಲ್ ಮೊದಲಿಗೆ, ದೀರ್ಘಾವಧಿಯದನ್ನು ಏಪ್ರಿಲ್ ಕೊನೆಗೆ ನೆಡಬೇಕೆಂದು ಅದರಲ್ಲಿತ್ತು. ಅದನ್ನೇ ನಂಬಿ ಕಳೆದ ಮಾರ್ಚ್‌ನಲ್ಲಿ ಸಂತೆಯ ಆಲೂಗಡ್ಡೆ ನೆಟ್ಟೆ. ಗಿಡ ಬಂತು, ಗಡ್ಡೆ ಬರಲಿಲ್ಲ. ನಮ್ಮಲ್ಲಿ ಯಾವ ತಳಿಯನ್ನು ಯಾವಾಗ ನೆಡಬೇಕು? ಮಗನಿಂದ ಅಲ್ಲಿನ ಬೀಜದ ಗಡ್ಡೆ ತರಿಸಿಕೊಳ್ಳಬಹುದೇ?

ಉತ್ತರ: ಮಾಸ್ತರರೇ, ನಿಮ್ಮ ಮಗ ಕಳಿಸಿದ ಪಟ್ಟಿಯಲ್ಲಿ ತಪ್ಪಿಲ್ಲ. ಇಂಗ್ಲೆಂಡಿಗೆ ಅದು ನೂರಕ್ಕೆ ನೂರು ಸರಿ. ಆದರೆ ಚಳಿಗೆ ಹೆದರುವವರು ಮಾಡಿಕೊಂಡ ಪಟ್ಟಿಯನ್ನು ನೀವು ಬಿಸಿಲಿಗೆ ಹೆದರಬೇಕಾದ ಊರಿನಲ್ಲಿ ಬಳಸಿದಿರಿ.

ಅಲ್ಲಿ ಏಪ್ರಿಲ್, ಕೆಲವು ಕಡೆ ಮೇ ತಿಂಗಳಲ್ಲಿಯೂ ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಆಲೂಗಡ್ಡೆಯ ಎಳೆ ಚಿಗುರು ಆ ಹಿಮಕ್ಕೆ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಬೀಳುತ್ತದೆ. ಹಾಗಾಗಿ ಅವರು ಜನವರಿ ಕೊನೆಯಿಂದಲೇ ಗಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ ಜೋಡಿಸಿ, ಕಿಟಕಿಯ ಬೆಳಕಿನಲ್ಲಿ ಮೊಳಕೆ ಬರಿಸುತ್ತಾ ಕಾಯುತ್ತಾರೆ. ಐರ್ಲೆಂಡಿನಲ್ಲಿ ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನ, ಇಂಗ್ಲೆಂಡಿನ ಹಲವೆಡೆ ಗುಡ್ ಫ್ರೈಡೆ, ಹೀಗೆ ಅವರಿಗೂ ನೆಡುವುದಕ್ಕೆ ಹಬ್ಬದ ಲೆಕ್ಕವಿದೆ. ಸ್ವಿಫ್ಟ್, ರಾಕೆಟ್‌ನಂಥ ಬೇಗದ ತಳಿಗಳು ಹತ್ತು ಹನ್ನೆರಡು ವಾರಕ್ಕೆ ಬರುತ್ತವೆ. ಚಾರ್ಲೊಟ್‌ನಂಥವು ಅವುಗಳ ಹಿಂದೆ ಬಂದರೆ, ಮಾರಿಸ್ ಪೈಪರ್, ಕಿಂಗ್ ಎಡ್ವರ್ಡ್‌ನಂಥ ಮುಖ್ಯ ಬೆಳೆ ಹದಿನಾರರಿಂದ ಇಪ್ಪತ್ತು ವಾರ ತೆಗೆದುಕೊಳ್ಳುತ್ತದೆ. ಅವರಿಗೆ ಬೇಸಿಗೆಯೇ ಬೆಳೆಯ ಕಾಲ, ಅದು ಉದ್ದವಾಗಿದೆ. ಬೇಗ ಬರುವುದನ್ನು ಮೊದಲು ನೆಟ್ಟು ಜೂನ್‌ನಲ್ಲಿ ತಿನ್ನುತ್ತಾರೆ, ನಿಧಾನದ್ದನ್ನು ಆಮೇಲೆ ನೆಟ್ಟು ಚಳಿಗಾಲಕ್ಕೆ ಕೂಡಿಡುತ್ತಾರೆ.

ನಮ್ಮಲ್ಲಿ ಬಾಗಿಲು ತೆರೆಯುವುದು ಚಳಿ, ಮುಚ್ಚುವುದು ಬಿಸಿಲು. ನಡುವೆ ಸಿಗುವುದು ಮೂರು, ಮೂರೂವರೆ ತಿಂಗಳು. ಹಾಗಾಗಿ ನೆಡುವ ಸರದಿಯೂ ತಿರುಗುಮುರುಗಾಗುತ್ತದೆ. ಕೊಪ್ಪಳದಲ್ಲಿ ನಿಧಾನ ಬೆಳೆಯುವ ತಳಿ ಮೊದಲು ನೆಲಕ್ಕೆ ಇಳಿಯಬೇಕು, ಬೇಗ ಬರುವುದು ಕೊನೆಗೆ ಇಳಿದರೂ ನಡೆಯುತ್ತದೆ. ಇದಕ್ಕೆ ಒಂದು ಅಪವಾದವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಮಾರ್ಚ್ ಬೆಳೆಗೆ ಏನಾಯಿತೆಂದು ನೋಡೋಣ. ಆಲೂಗಡ್ಡೆ ಬೇರಲ್ಲ, ಅದು ನೆಲದೊಳಗಿನ ಕಾಂಡ. ಗಿಡದ ಬುಡದಿಂದ ದಾರದಂಥ ಬಿಳಿ ಎಳೆಗಳು ಮಣ್ಣಿನಲ್ಲಿ ಅಡ್ಡಡ್ಡ ಹರಿಯುತ್ತವೆ. ರಾತ್ರಿ ತಂಪಾಗಿದ್ದರೆ ಎಳೆಯ ತುದಿ ಮುಂದೆ ಹೋಗುವುದನ್ನು ನಿಲ್ಲಿಸಿ, ಕೊಕ್ಕೆಯಂತೆ ಬಾಗಿ, ಅಲ್ಲೇ ಊದಿಕೊಳ್ಳುತ್ತದೆ. ಬಟಾಣಿಯಷ್ಟು ಗುಂಡಗಾಗುವ ಆ ತುದಿಯೇ ಮುಂದೆ ಗಡ್ಡೆ. ರಾತ್ರಿ ಬಿಸಿಯಾಗಿದ್ದರೆ ಎಳೆ ನಿಲ್ಲುವುದೇ ಇಲ್ಲ. ಮುಂದುವರಿದು, ಮಣ್ಣು ಸೀಳಿ ಮೇಲೆ ಬಂದು, ಎಲೆ ಬಿಟ್ಟು ಇನ್ನೊಂದು ಗಿಡವಾಗಿಬಿಡುತ್ತದೆ. ನಿಮ್ಮ ಮಡಿಯಲ್ಲಿ ಗಿಡದ ಸುತ್ತ ಗೇಣು ದೂರದಲ್ಲಿ ಸಣ್ಣ ಸಣ್ಣ ಸಸಿಗಳು ಎದ್ದಿದ್ದು ನಿಮಗೆ ನೆನಪಿರಬಹುದು. ಗಡ್ಡೆಯಾಗಬೇಕಿದ್ದವು ಅವೇ.

ಗಡ್ಡೆ ಕಟ್ಟಲು 15ರಿಂದ 20 ಡಿಗ್ರಿ ಹಿತವಾದ ತಾಪಮಾನ. ರಾತ್ರಿ 20 ದಾಟುತ್ತಿದ್ದಂತೆ ಹಿಡಿತ ಸಡಿಲವಾಗುತ್ತದೆ, 30ರ ಹತ್ತಿರ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹಗಲಿನಲ್ಲಿ ಎಲೆ ದುಡಿದು ಕೂಡಿಸಿದ ಪಿಷ್ಟವನ್ನು ಬಿಸಿ ರಾತ್ರಿಯಲ್ಲಿ ಗಿಡ ಉಸಿರಾಡಿ ತಾನೇ ಸುಟ್ಟುಕೊಳ್ಳುತ್ತದೆ. ಹೀಗಾಗಿ ಆಲೂಗಡ್ಡೆಯ ಮಟ್ಟಿಗೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೇ ದೊಡ್ಡ ವೈರಿ. ಮೊಬೈಲಿನಲ್ಲಿ ಹವಾಮಾನ ನೋಡುವಾಗ ನಾವೆಲ್ಲ ಮೇಲಿನ ದೊಡ್ಡ ಅಂಕಿಯನ್ನು ನೋಡಿ ಹೌಹಾರುತ್ತೇವೆ. ನೀವು ಕೆಳಗಿನ ಸಣ್ಣ ಅಂಕಿಯನ್ನು ನೋಡಿ.

ಆ ಅಂಕಿ ನಮ್ಮ ಭಾಗದಲ್ಲಿ ಅಕ್ಟೋಬರ್ ಮೊದಲ ಪಾಲಿನಲ್ಲಿ ಇನ್ನೂ 21–22ರ ಆಸುಪಾಸಿನಲ್ಲಿರುತ್ತದೆ. ನವೆಂಬರ್ ನಡುವಿಗೆ 20ರ ಕೆಳಗೆ ಇಳಿದು, ಡಿಸೆಂಬರ್ ಮತ್ತು ಜನವರಿಯಲ್ಲಿ 16–17ಕ್ಕೆ ಬಂದು ನಿಲ್ಲುತ್ತದೆ. ಫೆಬ್ರುವರಿ ನಡುವಿನಿಂದ ಮತ್ತೆ ಏರತೊಡಗುತ್ತದೆ. ನೆಟ್ಟ ನಾಲ್ಕೈದು ವಾರಕ್ಕೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಆ ಹೊತ್ತಿಗೆ ರಾತ್ರಿ ತಣ್ಣಗಿರಬೇಕು, ಮುಂದೆ ಕನಿಷ್ಠ ಏಳೆಂಟು ವಾರ ತಣ್ಣಗೇ ಉಳಿಯಬೇಕು. ಈ ಎರಡನ್ನು ಹಿಡಿದು ಹಿಂದಕ್ಕೆ ಎಣಿಸಿದರೆ, ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಆರು ವಾರವೇ ನಿಮಗೆ ನೆಡುವ ಕಾಲ.

ಇದನ್ನು ದಸರೆಗೆ, ದೀಪಾವಳಿಗೆ ಎಂದು ಹಬ್ಬದ ಮೇಲೆ ಹೇಳುವವರಿದ್ದಾರೆ. ನಾನು ಹೇಳುವುದಿಲ್ಲ. ದೀಪಾವಳಿಯ ನರಕ ಚತುರ್ದಶಿ 2023ರಲ್ಲಿ ನವೆಂಬರ್ 12ಕ್ಕೆ ಬಂದಿತ್ತು, 2025ರಲ್ಲಿ ಅಕ್ಟೋಬರ್ 20ಕ್ಕೇ ಬಂತು. ಮೂರು ವಾರದ ಈ ವ್ಯತ್ಯಾಸದಲ್ಲಿ ಆಲೂಗಡ್ಡೆಯ ಬೆಳೆ ಕೈಗೆ ಬರಲೂಬಹುದು, ಹೋಗಲೂಬಹುದು. ನಮ್ಮ ರೈತರ ಮಳೆ ನಕ್ಷತ್ರದ ಲೆಕ್ಕ ಹೀಗೆ ಓಲಾಡುವುದಿಲ್ಲ, ಏಕೆಂದರೆ ಅದು ಸೂರ್ಯನ ನಡೆಯನ್ನು ಹಿಡಿದದ್ದು. ಚಿತ್ತಾ ಮಳೆ ಪ್ರತಿವರ್ಷ ಅಕ್ಟೋಬರ್ 10ರ ಸುಮಾರಿಗೆ ಹೂಡುತ್ತದೆ, ಸ್ವಾತಿ 24ರ ಸುಮಾರಿಗೆ, ವಿಶಾಖಾ ನವೆಂಬರ್ 6ರ ಸುಮಾರಿಗೆ, ಅನುರಾಧಾ 19ರ ಸುಮಾರಿಗೆ. ಒಂದು ದಿನ ಆಚೀಚೆ ಆಗಬಹುದು, ಅಷ್ಟೇ. ಪಂಚಾಂಗ ಕೈಯಲ್ಲಿಲ್ಲದಿದ್ದರೆ ಇನ್ನೊಂದು ಗುರುತು ಹೇಳುತ್ತೇನೆ: ನಡುರಾತ್ರಿ ಎದ್ದು ಫ್ಯಾನು ಬಂದ್ ಮಾಡುವ ವಾರ ಬಂದರೆ ಬಾಗಿಲು ತೆರೆಯಿತು ಎಂದೇ ಅರ್ಥ.

ಈಗ ತಳಿಗಳ ಮಾತು. ನಮ್ಮಲ್ಲಿ ಸಿಗುವ ಹೆಚ್ಚಿನ ಬೀಜದ ಗಡ್ಡೆಗಳ ಹೆಸರು ‘ಕುಫ್ರಿ’ ಎಂದು ಶುರುವಾಗುತ್ತದೆ. ಕುಫ್ರಿ ಶಿಮ್ಲಾ ಬಳಿಯ ಊರು. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಹುಟ್ಟಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅದರ ತಳಿ ಸಂಕರಣದ ಕೆಲಸ ನಡೆಯುವುದು ಕುಫ್ರಿಯಲ್ಲಿ. ಯುರೋಪಿನ ತಳಿಗಳು ಬೇಸಿಗೆಯ ಹದಿನಾರು ಗಂಟೆಯ ಹಗಲಿಗೆ ಒಗ್ಗಿದವು. ನಮ್ಮ ದೇಶದ ಬಯಲಿನಲ್ಲಿ ಆಲೂಗಡ್ಡೆ ಬೆಳೆಯುವುದು ಹನ್ನೊಂದು ಗಂಟೆಯ ಚಳಿಗಾಲದ ಹಗಲಿನಲ್ಲಿ. ಆ ಗಿಡ್ಡ ಹಗಲಿಗೆಂದೇ ಈ ತಳಿಗಳನ್ನು ಮಾಡಿದ್ದಾರೆ.

ನಾನು ಮೊದಲು ಹೇಳಿದ ಅಪವಾದ ಕುಫ್ರಿ ಸೂರ್ಯ. 2006ರಲ್ಲಿ ಬಿಡುಗಡೆಯಾದ ಇದು ಸೆಕೆ ತಡೆಯಲೆಂದೇ ರೂಪಿಸಿದ ತಳಿ. ಬೇರೆ ತಳಿಗಳು ಕೈಚೆಲ್ಲುವ ಬೆಚ್ಚನೆಯ ರಾತ್ರಿಗಳಲ್ಲಿಯೂ ಗಡ್ಡೆ ಕಟ್ಟುತ್ತದೆ, ಸುಮಾರು 90 ದಿನಕ್ಕೆ ಬರುತ್ತದೆ. ಚಿತ್ತಾ ಮಳೆಯ ಎರಡನೆಯ ವಾರದಲ್ಲಿ, ಅಂದರೆ ಅಕ್ಟೋಬರ್ 17ರಿಂದ ಇದನ್ನು ಧೈರ್ಯವಾಗಿ ನೆಡಬಹುದು. ನಮ್ಮ ಭಾಗಕ್ಕೆ ಒಂದೇ ತಳಿ ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಎರಡನೆಯದು ಕುಫ್ರಿ ಜ್ಯೋತಿ. 1968ರ ಹಳೆಯ ತಳಿ. ಹಾಸನದ ರೈತರು ಮುಂಗಾರಿನಲ್ಲಿ ನೆಟ್ಟು ಮನೆಮಾತಾಗಿಸಿದ್ದು ಇದನ್ನೇ. ನೂರು ದಿನ, ಕೆಲವೊಮ್ಮೆ ಹತ್ತು ದಿನ ಹೆಚ್ಚೇ ಬೇಡುತ್ತದೆ. ಆದ್ದರಿಂದ ಸ್ವಾತಿ ಮಳೆಯಲ್ಲಿ, ನವೆಂಬರ್ 5ರೊಳಗೆ ನೆಲದಲ್ಲಿರಬೇಕು. ಹಾಗೆ ನೆಟ್ಟದ್ದು ಫೆಬ್ರುವರಿ ನಡುವಿಗೆ ಕೀಳಲು ಬರುತ್ತದೆ. ಹಾಸನದವರು ಮೇ ತಿಂಗಳಲ್ಲಿ ನೆಡುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಮೂರು ಸಾವಿರ ಅಡಿ ಎತ್ತರದ ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಅಲ್ಲಿ ರಾತ್ರಿ ಹೊದಿಕೆ ಬೇಕು. ಅದನ್ನು ನೋಡಿ ನಾವು ಮುಂಗಾರಿನಲ್ಲಿ ಆಲೂಗಡ್ಡೆಗೆ ಕೈ ಹಾಕಬಾರದು.

ಮೂರನೆಯ ಸರದಿ ಬೇಗದ ತಳಿಗಳದ್ದು. ಕುಫ್ರಿ ಪುಖರಾಜ್ 1998ರದ್ದು, ತಿಳಿ ಹಳದಿ ತಿರುಳು, ಎಪ್ಪತ್ತೈದು ದಿನಕ್ಕೇ ಕಿತ್ತು ತಿನ್ನುವಷ್ಟು ದಪ್ಪವಾಗುತ್ತದೆ. ಕುಫ್ರಿ ಚಂದ್ರಮುಖಿ 80–90 ದಿನದ್ದು, ರುಚಿಯಲ್ಲಿ ನನಗೆ ಪುಖರಾಜ್‌ಗಿಂತ ಮೇಲು. ವಿಶಾಖಾ ಮಳೆಯಿಡೀ, ಅನುರಾಧಾದ ಮೊದಲ ವಾರದವರೆಗೂ ಇವುಗಳನ್ನು ನೆಡಬಹುದು. ಕುಫ್ರಿ ಲವಕರ್ ಸಿಕ್ಕಿದರೆ ಬಿಡಬೇಡಿ. ಮಹಾರಾಷ್ಟ್ರದ ಬಯಲುಸೀಮೆಗೆಂದು ಎಪ್ಪತ್ತರ ದಶಕದಲ್ಲಿ ಬಂದ ತಳಿಯದು, ಮರಾಠಿಯಲ್ಲಿ ‘ಲವಕರ್’ ಎಂದರೆ ಬೇಗ. ಸೆಕೆಯನ್ನೂ ಕೊಂಚ ತಡೆಯುತ್ತದೆ. ಕೆಂಪು ಸಿಪ್ಪೆಯ ಕುಫ್ರಿ ಸಿಂಧೂರಿಯ ಆಸೆ ಬೇಡ. ನಾಲ್ಕು ತಿಂಗಳು ಬೇಡುವ ಅದು ಉತ್ತರ ಭಾರತದ ಉದ್ದ ಚಳಿಗೆ ಹೇಳಿಸಿದ್ದು.

ರಾಯಚೂರು, ಸಿಂಧನೂರು, ಸಿರುಗುಪ್ಪದ ಕಡೆಯ ಓದುಗರು ಈ ಲೆಕ್ಕವನ್ನೆಲ್ಲ ಎರಡೂ ತುದಿಯಲ್ಲಿ ಒಂದೊಂದು ವಾರ ಬಿಗಿ ಮಾಡಿಕೊಳ್ಳಿ, ಅಲ್ಲಿ ಜ್ಯೋತಿಯನ್ನು ಬಿಟ್ಟುಬಿಡುವುದೇ ಲೇಸು. ಸಂಡೂರಿನ ಗುಡ್ಡದ ಮಗ್ಗುಲಿನವರಿಗೆ ಒಂದು ವಾರ ಹೆಚ್ಚಿಗೆ ಸಿಗುತ್ತದೆ.

ನಿಮ್ಮ ಸೋಲಿಗೆ ಮಾರ್ಚ್ ಒಂದೇ ಕಾರಣವಲ್ಲ, ಸಂತೆಯ ಗಡ್ಡೆಗೂ ಅದರಲ್ಲಿ ಪಾಲಿರಬಹುದು. ಕಿತ್ತ ಮೇಲೆ ಆಲೂಗಡ್ಡೆ ಎರಡು ತಿಂಗಳಾದರೂ ನಿದ್ದೆ ಮಾಡುತ್ತದೆ, ಎಷ್ಟು ನೀರು ಹಾಕಿದರೂ ಮೊಳೆಯುವುದಿಲ್ಲ. ಅಕ್ಟೋಬರ್‌ನಲ್ಲಿ ನಮ್ಮ ಸಂತೆಗೆ ಎರಡು ಬಗೆಯ ಗಡ್ಡೆ ಬರುತ್ತದೆ. ಒಂದು ಉತ್ತರದ ಶೀತಲಗೃಹದಿಂದ ಬಂದದ್ದು, ಫೆಬ್ರುವರಿ-ಮಾರ್ಚ್‌ನಲ್ಲಿ ಕಿತ್ತದ್ದು. ಇನ್ನೊಂದು ಹಾಸನದ ಕಡೆಯ ಹೊಸ ಬೆಳೆ. ಹೆಬ್ಬೆರಳಿನಿಂದ ಒತ್ತಿ ಉಜ್ಜಿ ನೋಡಿ, ಸಿಪ್ಪೆ ಈರುಳ್ಳಿ ಪೊರೆಯಂತೆ ಸುಲಿದು ಬಂದರೆ ಅದು ಹೊಸದು, ಇನ್ನೂ ಮಲಗಿದೆ. ಪಲ್ಯಕ್ಕೆ ಒಳ್ಳೆಯದು, ನೆಡುವುದಕ್ಕೆ ಬೇಡ. ಹಳೆಯದೂ ಭರವಸೆಯದೇನಲ್ಲ. ಚಿಪ್ಸಿಗೆಂದು ಇಟ್ಟ ಗಡ್ಡೆಗೆ ಮೊಳಕೆ ಬಾರದಂತೆ ಗೋದಾಮಿನಲ್ಲಿ ಔಷಧದ ಹೊಗೆ ಕೊಟ್ಟಿರುತ್ತಾರೆ, ಅಂಥದ್ದು ನಿಮ್ಮ ಕೈಗೆ ಸಿಕ್ಕರೆ ದೇವರೇ ಗತಿ. ನಂಜುರೋಗ, ಕೊಳೆರೋಗ ಹೊತ್ತು ತಂದರೆ ಪಕ್ಕದ ಐವರ ಗುಂಟೆಗಳೂ ಕೆಡುತ್ತವೆ.

ಆದ್ದರಿಂದ ಬೀಜದ್ದೇ ಗಡ್ಡೆ ತನ್ನಿ. ಐವತ್ತು ಕಿಲೋ ಚೀಲದಲ್ಲಿ ಬರುತ್ತದೆ, ಒಬ್ಬರಿಗೆ ಹೆಚ್ಚು, ಆರು ಜನಕ್ಕೆ ಸರಿಹೋಗುತ್ತದೆ. ನಿಮ್ಮ ಒಂದು ಗುಂಟೆಯಲ್ಲಿ ಅರ್ಧಕ್ಕೆ ಆಲೂಗಡ್ಡೆ ಎಂದಿಟ್ಟುಕೊಳ್ಳೋಣ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಎಂಟು ಅಂಗುಲ ಬಿಟ್ಟರೆ ಸುಮಾರು 400 ಗಿಡ ಹಿಡಿಯುತ್ತವೆ. ಕೋಳಿಮೊಟ್ಟೆ ಗಾತ್ರದ, 40–50 ಗ್ರಾಂ ತೂಕದ ಗಡ್ಡೆಯಾದರೆ ಹದಿನೆಂಟು ಕಿಲೋ ಬೇಕು. ಆರು ಜನಕ್ಕೆ ಎರಡು ಚೀಲದ ಮೇಲೆ ಸ್ವಲ್ಪ. ಒಂದು ಚೀಲ ಸೂರ್ಯ, ಒಂದು ಚೀಲ ಪುಖರಾಜ್ ತಂದು ಹಂಚಿಕೊಳ್ಳಿ, ಕಡಿಮೆ ಬಿದ್ದರೆ ಒಂದು ಸಾಲು ಬಿಡಿ. ಎಲ್ಲಿ ತರಬೇಕೆಂದು ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲಿಯೋ ನಿಮ್ಮ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿಯೋ ಸೆಪ್ಟೆಂಬರ್‌ನಲ್ಲೇ ವಿಚಾರಿಸಿ. ಅಕ್ಟೋಬರ್‌ನಲ್ಲಿ ಹುಡುಕಲು ಹೊರಟರೆ ಚೀಲ ಕೈಗೆ ಬರುವಾಗ ಡಿಸೆಂಬರ್ ಆಗಿರುತ್ತದೆ.

ದೊಡ್ಡ ಗಡ್ಡೆ ಬಂದರೆ ಕತ್ತರಿಸಿ ನೆಡಬೇಕೇ? ಇದರಲ್ಲಿ ನಾನೇ ಪೆಟ್ಟು ತಿಂದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅಕ್ಟೋಬರ್ ಮೊದಲ ವಾರದಲ್ಲಿಯೇ, ಒಂದೊಂದು ಗಡ್ಡೆಯನ್ನು ಮೂರು ಮೂರು ಹೋಳು ಮಾಡಿ, ಕತ್ತರಿಸಿದ ದಿನವೇ ನೆಟ್ಟು, ಮೇಲೆ ಧಾರಾಳವಾಗಿ ನೀರು ಬಿಟ್ಟೆ. ಹದಿನೈದು ದಿನವಾದರೂ ಸಾಲು ಬೋಳಾಗಿಯೇ ಇತ್ತು. ಬೋದು, ಅಂದರೆ ಸಾಲಿನ ಮಣ್ಣಿನ ಏರಿ, ಕೆದಕಿದಾಗ ಬೆರಳಿಗೆ ಹತ್ತಿದ್ದು ಬೂದು ಬಣ್ಣದ ಗಂಜಿ, ಅದರ ತುಂಬ ಇರುವೆ. ಆ ವಾಸನೆ ಎರಡು ದಿನ ಕೈ ಬಿಡಲಿಲ್ಲ. ಬಿಸಿ ಮಣ್ಣು, ಹಸಿ ಗಾಯ, ನಿಂತ ನೀರು ಮೂರೂ ಕೂಡಿದರೆ ಆಗುವುದು ಹಾಗೆಯೇ. ಅಂದಿನಿಂದ ಸ್ವಾತಿಗೆ ಮೊದಲು ಹೋಳು ನೆಟ್ಟಿಲ್ಲ. ಆಮೇಲೆ ನೆಡುವುದಾದರೆ ಒಂದೊಂದು ಹೋಳಿಗೂ ಎರಡು ಕಣ್ಣಾದರೂ ಇರಲಿ, ಕುಡಗೋಲು ಶುಚಿಯಾಗಿರಲಿ. ಲೀಟರ್ ನೀರಿಗೆ ಎರಡೂವರೆ ಗ್ರಾಂ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಕಲಸಿ ಹತ್ತು ನಿಮಿಷ ಅದ್ದಿ, ನೆರಳಿನಲ್ಲಿ ಗೋಣಿಚೀಲದ ಮೇಲೆ ಎರಡು ದಿನ ಹರಡಿ. ಗಾಯದ ಮೇಲೆ ಬೆರಳಾಡಿಸಿದರೆ ಒಣ ತೊಗಲಿನಂತೆ ಹತ್ತಬೇಕು.

ಇಂಗ್ಲೆಂಡಿನವರ ಮೊಟ್ಟೆಯ ಟ್ರೇ ಉಪಾಯವನ್ನು ಮಾತ್ರ ನೀವು ಹಾಗೆಯೇ ಎತ್ತಿಕೊಳ್ಳಬಹುದು. ನೆಡುವುದಕ್ಕೆ ಎರಡು ಮೂರು ವಾರ ಮೊದಲು, ಬಿಸಿಲು ಬೀಳದ ಆದರೆ ಬೆಳಕಿರುವ ಪಡಸಾಲೆಯಲ್ಲಿ ಕಣ್ಣಿನ ಬದಿ ಮೇಲಾಗಿ ಜೋಡಿಸಿಡಿ. ಅರ್ಧ ಅಂಗುಲದ, ಗಟ್ಟಿಮುಟ್ಟಾದ, ನೇರಳೆ ಛಾಯೆಯ ಮೊಳಕೆ ಬಂದರೆ ಹದ. ಕತ್ತಲೆಯಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ನೆಡುವಾಗಲೇ ಮುರಿಯುತ್ತದೆ. ನಮಗಿರುವುದೇ ಮೂರು ತಿಂಗಳು, ಅದರಲ್ಲಿ ಹತ್ತು ದಿನವನ್ನು ಪಡಸಾಲೆಯಲ್ಲೇ ಗಳಿಸಿಕೊಂಡಂತಾಯಿತು.

ನಿಮ್ಮದು ಮಸಾರಿ ಎಂಬುದು ಭಾಗ್ಯ. ಎರೆ ಭೂಮಿಯವರಿಗೆ ನೀರು ಹೆಚ್ಚಾದರೆ ಕೊಳೆತ, ಕಡಿಮೆಯಾದರೆ ಬಿರುಕು, ಎರಡೂ ಕಷ್ಟ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಅರ್ಧ ಗುಂಟೆಗೆ ನೂರಿಪ್ಪತ್ತು ಕಿಲೋ ಲೆಕ್ಕದಲ್ಲಿ ಹದಿನೈದು ದಿನ ಮೊದಲೇ ಬೆರೆಸಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳ ಗಡ್ಡೆಗೆ ತೂತು ಕೊರೆಯುತ್ತದೆ. ಹಿಂದಿನ ಬೆಳೆ ಮೆಣಸಿನಕಾಯಿ, ಬದನೆ, ಟೊಮೆಟೊ ಆಗಿದ್ದರೆ ಆ ಜಾಗ ಬಿಡಿ. ಎಲ್ಲವೂ ಒಂದೇ ಕುಲದವು, ಒಂದರ ಸೊರಗು ರೋಗ ಇನ್ನೊಂದಕ್ಕೆ ದಾಟುತ್ತದೆ. ಹೆಸರು, ಶೇಂಗಾ ಕಿತ್ತ ನೆಲವಾದರೆ ಉತ್ತಮ.

ಮೊದಲು ನೀರು ಬಿಟ್ಟು, ಮಣ್ಣು ಹದಕ್ಕೆ ಬಂದ ಮೇಲೆ ಮೂರು ನಾಲ್ಕು ಅಂಗುಲ ಆಳದಲ್ಲಿ ನೆಡಿ. ಮೊಳಕೆ ಮೇಲೆ ಬರುವವರೆಗೆ ಕೈ ಕಟ್ಟಿ ಕೂರಿ. ಆಮೇಲೆ ಐದಾರು ದಿನಕ್ಕೊಮ್ಮೆ, ಬೋದಿನ ಅರ್ಧಕ್ಕೆ ಏರುವಷ್ಟು ಮಾತ್ರ ನೀರು. ತುದಿ ಮುಳುಗಬಾರದು. ಸಾಧ್ಯವಾದರೆ ಗಂಗಾವತಿ, ಕಾರಟಗಿ ಕಡೆಯಿಂದ ಬತ್ತದ ಹುಲ್ಲು ತಂದು ಬೋದಿನ ಮೇಲೆ ನಾಲ್ಕು ಬೆರಳು ದಪ್ಪ ಹೊದಿಸಿ, ಜೋಳದ ಕಣಿಕೆಯೂ ಆದೀತು. ಹೊದಿಸಿದ ಸಾಲಿನಲ್ಲಿ ಕೈಯಿಟ್ಟು, ಬರಿ ಸಾಲಿನಲ್ಲಿ ಕೈಯಿಟ್ಟು ನೋಡಿ. ಮಧ್ಯಾಹ್ನ ಎರಡರ ಹೊತ್ತಿಗೆ ವ್ಯತ್ಯಾಸ ಅಂಗೈಗೇ ತಿಳಿಯುತ್ತದೆ. ಬಿಸಿನಾಡಿನಲ್ಲಿ ಆಲೂಗಡ್ಡೆಗೆ ಯೂರಿಯಾಕ್ಕಿಂತ ಈ ಹುಲ್ಲೇ ಹೆಚ್ಚು ಉಪಕಾರಿ. ಯೂರಿಯಾ ಸುರಿದರೆ ಸೊಪ್ಪು ಸೊಕ್ಕುತ್ತದೆ, ಗಡ್ಡೆ ಹಿಂದೆ ಬೀಳುತ್ತದೆ.

ನೆಟ್ಟ 25–30 ದಿನಕ್ಕೆ, ಹುಲ್ಲು ಸರಿಸಿ, ಎರಡೂ ಬದಿಯಿಂದ ಗೇಣೆತ್ತರ ಮಣ್ಣು ಏರಿಸಿ, ಹುಲ್ಲನ್ನು ಮತ್ತೆ ಎಳೆಯಿರಿ. ಇದನ್ನು ತಪ್ಪಿಸಬೇಡಿ. ಬೆಳಕು ತಾಗಿದ ಗಡ್ಡೆ ಹಸಿರಾಗಿ ಕಹಿಯಾಗುತ್ತದೆ, ಆ ಹಸಿರು ಭಾಗ ವಿಷಕಾರಿ, ತಿನ್ನಬಾರದು. ಬಿರುಕಿನಲ್ಲಿ ಇಣುಕುವ ಗಡ್ಡೆಯ ಮೇಲೆ ಪತಂಗ ಮೊಟ್ಟೆಯಿಟ್ಟು, ಹುಳ ಒಳಗೆ ಸುರಂಗ ತೋಡುತ್ತದೆ, ಬಯಲುಸೀಮೆಯಲ್ಲಿ ಈ ಕಾಟ ಹೆಚ್ಚು. ಹಾಸನದವರನ್ನು ಕಂಗೆಡಿಸುವ ಅಂಗಮಾರಿ ರೋಗ ನಮ್ಮ ಒಣ ಚಳಿಯಲ್ಲಿ ಅಪರೂಪ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ನಾಲ್ಕೈದು ದಿನ ಮೋಡ ಕವಿದು ಜಿಟಿಜಿಟಿ ಹಿಡಿದರೆ ಮಾತ್ರ ಎಲೆಯ ಅಡಿಭಾಗ ನೋಡುತ್ತಿರಿ.

ಎಲೆ ಹಳದಿಗೆ ತಿರುಗಿದಾಗ ನೀರು ನಿಲ್ಲಿಸಿ, ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು, ಹತ್ತು ದಿನ ಬಿಟ್ಟು ಅಗೆಯಿರಿ. ಅಷ್ಟರಲ್ಲಿ ಸಿಪ್ಪೆ ಬಲಿತಿರುತ್ತದೆ. ಬಿತ್ತಿದ್ದರ ಐದು ಪಟ್ಟು ಬಂದರೆ, ಅಂದರೆ ಹದಿನೆಂಟು ಕಿಲೋಗೆ ತೊಂಬತ್ತು ಕಿಲೋ ಬಂದರೆ, ಮೊದಲ ವರ್ಷಕ್ಕೆ ನಾನು ಬೆನ್ನು ತಟ್ಟುತ್ತೇನೆ. ಅದರಲ್ಲೇ ಒಂದಿಷ್ಟನ್ನು ಮುಂದಿನ ವರ್ಷಕ್ಕೆ ಬೀಜವಾಗಿ ಎತ್ತಿಡುವ ಯೋಚನೆ ಬೇಡ. ಫೆಬ್ರುವರಿಯಿಂದ ಅಕ್ಟೋಬರ್‌ವರೆಗೆ, ನಡುವೆ ನಮ್ಮ 40 ಡಿಗ್ರಿಯ ಬೇಸಿಗೆ ದಾಟಿಸಲು 2–4 ಡಿಗ್ರಿಯ ಶೀತಲಗೃಹವೇ ಬೇಕು.

ಮಗನಿಂದ ಬೀಜ ತರಿಸುವ ವಿಚಾರಕ್ಕೆ ನನ್ನ ಉತ್ತರ ಖಡಾಖಂಡಿತ ಬೇಡ. ಸಸ್ಯ ಕ್ವಾರಂಟೈನ್ ಕಾನೂನಿನ ಪ್ರಕಾರ ಅಪ್ಪಣೆಯಿಲ್ಲದೆ ಬೀಜದ ಆಲೂಗಡ್ಡೆಯನ್ನು ದೇಶದೊಳಗೆ ತರುವಂತಿಲ್ಲ. ಚೀಲದ ಮೂಲೆಯಲ್ಲಿ ನಾಲ್ಕು ಗಡ್ಡೆ ಅಡಗಿಸಿ ತಂದರೂ ಅದರ ಜೊತೆ ಯಾವ ಜಂತು, ಯಾವ ಬೂಷ್ಟು ಬರುತ್ತದೋ ಹೇಳಲಾಗದು. ಅಲ್ಲದೆ ಹದಿನಾರು ಗಂಟೆಯ ಹಗಲು ಕಂಡ ಕಿಂಗ್ ಎಡ್ವರ್ಡ್ ನಮ್ಮ ಗಿಡ್ಡ ಹಗಲಿನಲ್ಲಿ ಅವಸರಪಟ್ಟು, ಸೊಪ್ಪು ಬೆಳೆಯುವ ಮೊದಲೇ ಗೋಲಿಯಷ್ಟು ಗಡ್ಡೆ ಕಟ್ಟಿ ಮುಗಿಸಿಬಿಡುತ್ತದೆ. ಅದರ ಬದಲು ಜನವರಿಯಲ್ಲಿ ರಜೆ ಹಾಕಿ ಬರಲು ಹೇಳಿ. ಚಿತ್ತಾ ಮಳೆಯಲ್ಲಿ ನೆಟ್ಟ ಸೂರ್ಯ, ಗವಿಸಿದ್ಧೇಶ್ವರ ಜಾತ್ರೆಯ ಆಸುಪಾಸಿಗೆ ಅಗೆಯಲು ಬಂದಿರುತ್ತದೆ. ಗುದ್ದಲಿ ಅವನ ಕೈಗೇ ಕೊಡಿ, ಗಿಡದ ಬುಡದಿಂದ ಒಂದು ಅಡಿ ದೂರಕ್ಕೆ ಹಾಕಲು ಹೇಳಿ, ಇಲ್ಲದಿದ್ದರೆ ಅರ್ಧ ಗಡ್ಡೆಗಳು ಹೋಳಾಗಿಯೇ ಮೇಲೆ ಬರುತ್ತವೆ.